ಕೊಬ್ಬರಿ ಬೇಡ, ಚಾಕು ಕೆಳಗೆ, ಪವರ್ ಬ್ಯಾಂಕ್ ಕೈಯಲ್ಲಿ

ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಜೊತೆಗಿಟ್ಟುಕೊಳ್ಳುವ ಕೈಬ್ಯಾಗಿನಲ್ಲೂ ಇಲ್ಲ, ಕೌಂಟರಿನಲ್ಲಿ ತೂಗಿಸಿ ಕಳಿಸುವ ಸೂಟ್‌ಕೇಸಿನಲ್ಲೂ ಇಲ್ಲ. ತಿಪಟೂರಿನ ಉಂಡೆಕೊಬ್ಬರಿಯನ್ನು ದೆಹಲಿಯ ಮಗಳ ಮನೆಗೆಂದು ಕಟ್ಟಿಕೊಂಡು ಹೊರಟ ಎಷ್ಟೋ ಮಂದಿಗೆ ಈ ಸಂಗತಿ ತಿಳಿಯುವುದೇ ವಿಮಾನ ನಿಲ್ದಾಣದ ತಪಾಸಣೆಯ ಹೊತ್ತಿಗೆ. ಅದೇ ಸರದಿಯಲ್ಲಿ ಹಿಂದೆ ನಿಂತವರ ಸೂಟ್‌ಕೇಸಿನಲ್ಲಿ ಅಡುಗೆಮನೆಯ ಚಾಕು ಇದ್ದರೆ ಅದು ಸಲೀಸಾಗಿ ಹೋಗುತ್ತದೆ. ಮೊಬೈಲಿಗೆ ಚಾರ್ಜ್ ತುಂಬುವ ಪವರ್ ಬ್ಯಾಂಕ್ ಇದ್ದರೆ ಮಾತ್ರ ಸೂಟ್‌ಕೇಸ್ ಬಿಚ್ಚಿಸುತ್ತಾರೆ. ಚಾಕು ಬಿಟ್ಟು ಕೊಬ್ಬರಿ ಹಿಡಿದರಲ್ಲ ಎಂದು ಜನ ಸಿಟ್ಟಾಗುವುದು ಸಹಜ. ಆದರೆ ಈ ನಿಯಮಗಳ ಹಿಂದೆ ಒಂದು ಲೆಕ್ಕಾಚಾರವಿದೆ. ಅದನ್ನು ಒಮ್ಮೆ ಅರ್ಥಮಾಡಿಕೊಂಡರೆ ಉದ್ದುದ್ದ ಪಟ್ಟಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮನೆಯಲ್ಲಿ ಬ್ಯಾಗ್ ತುಂಬುವಾಗಲೇ ಯಾವುದು ಎಲ್ಲಿಗೆ ಎಂದು ಹೇಳಬಹುದು.

ವಿಮಾನದವರಿಗೆ ಎರಡು ಬಗೆಯ ಭಯವಿದೆ. ಕೇಡು ಬಗೆದ ಮನುಷ್ಯನೊಬ್ಬ ಈ ವಸ್ತುವಿನಿಂದ ಏನು ಮಾಡಿಯಾನು ಎಂಬುದು ಒಂದು. ಯಾರೂ ಮುಟ್ಟದಿದ್ದರೂ ಈ ವಸ್ತು ತನ್ನಷ್ಟಕ್ಕೆ ತಾನೇ ಏನಾದೀತು ಎಂಬುದು ಇನ್ನೊಂದು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಈ ಎರಡಕ್ಕೂ ಬೇರೆ ಬೇರೆ ಅನುಬಂಧಗಳನ್ನೇ ಬರೆದಿದೆ: ಮೊದಲನೆಯ ಭಯಕ್ಕೆ 1974ರಲ್ಲಿ ಅಂಗೀಕರಿಸಿದ 17ನೇ ಅನುಬಂಧ, ಎರಡನೆಯದಕ್ಕೆ 1981ರ 18ನೇ ಅನುಬಂಧ. ನಮ್ಮ ದೇಶದಲ್ಲೂ ಹಾಗೆಯೇ ಕೆಲಸ ಹಂಚಿಕೆಯಾಗಿದೆ. ಆಯುಧ, ಸ್ಫೋಟಕ, ಅಪಹರಣದ ವಿಷಯವನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್, ನೋಡಿಕೊಳ್ಳುತ್ತದೆ. ಬೆಂಕಿ, ಅನಿಲ, ಆಮ್ಲ, ಬ್ಯಾಟರಿಗಳಂತಹ ಅಪಾಯಕಾರಿ ಸರಕಿನ ವಿಷಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ, ಪಾಲಿನದು. ನಮ್ಮ ಕಣ್ಣಿಗೆ ಕಾಣುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ, ಅಂದರೆ ಸಿಐಎಸ್ಎಫ್, ಸಿಬ್ಬಂದಿ ನಿಯಮ ಮಾಡುವವರಲ್ಲ, ಜಾರಿಗೆ ತರುವವರು. ಅವರೊಡನೆ ವಾದಕ್ಕಿಳಿದರೆ ನಿಯಮ ಬದಲಾಗುವುದಿಲ್ಲ, ವಿಮಾನ ತಪ್ಪುವುದಷ್ಟೇ ಲಾಭ.

ಈ ಎರಡು ಭಯಗಳನ್ನು ಎದುರಿಗಿಟ್ಟುಕೊಂಡರೆ ಸಾಮಾನು ಮೂರು ಪಾಲಾಗುತ್ತದೆ. ಕೈಗೆ ಸಿಕ್ಕರೆ ಆಯುಧವಾಗುವ ವಸ್ತು ಕೈಗೆ ಸಿಗದ ಕಡೆ, ಅಂದರೆ ವಿಮಾನದ ಹೊಟ್ಟೆಯಲ್ಲಿರುವ ಸರಕಿನ ಕೋಣೆಗೆ ಹೋಗಬೇಕು. ತಾನೇ ಹೊತ್ತಿಕೊಳ್ಳಬಹುದಾದರೂ ಎದುರಿಗಿದ್ದರೆ ಆರಿಸಬಹುದಾದ ವಸ್ತು ಕಣ್ಣೆದುರೇ, ಅಂದರೆ ಕ್ಯಾಬಿನ್ನಿನಲ್ಲೇ ಇರಬೇಕು. ಎರಡೂ ಕಡೆ ಅಪಾಯವಾದದ್ದು ಮನೆಯಲ್ಲೇ ಉಳಿಯಬೇಕು. ಚಾಕು ಮೊದಲನೆಯದು, ಪವರ್ ಬ್ಯಾಂಕ್ ಎರಡನೆಯದು, ಕೊಬ್ಬರಿ ಮೂರನೆಯದು.

ಕೊಬ್ಬರಿಯಿಂದಲೇ ಶುರುಮಾಡೋಣ. ಒಣಗಿದ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಒಣಗಿಸುವಾಗ ಒಳಗೆ ಸ್ವಲ್ಪ ತೇವ ಉಳಿದಿದ್ದರೆ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಬೆರೆಯುತ್ತದೆ, ಎರಡರಿಂದಲೂ ಶಾಖ ಹುಟ್ಟುತ್ತದೆ. ತಿಪ್ಪೆಯ ಒಳಗೆ ಕೈ ಹಾಕಿದರೆ ಬಿಸಿ ತಗಲುವುದೂ ಇಂಥದ್ದೇ ಕಾರಣಕ್ಕೆ. ಗಾಳಿಯಾಡುವ ಅಟ್ಟದಲ್ಲಾದರೆ ಆ ಶಾಖ ಹಾರಿಹೋಗುತ್ತದೆ. ಒತ್ತೊತ್ತಾಗಿ ತುಂಬಿದ ಕಡೆ ಹಾರಿಹೋಗಲು ದಾರಿಯಿಲ್ಲ. ಹಡಗುಗಳಲ್ಲಿ ಕೊಬ್ಬರಿ ಸಾಗಿಸುವವರಿಗೆ ಇದು ಹಳೆಯ ತಲೆನೋವು. ಹಾಗಾಗಿ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ. ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ 4.2 ವರ್ಗದಲ್ಲಿ ಅದು ಕೂತಿದೆ. ನಿಮ್ಮ ಬ್ಯಾಗಿನಲ್ಲಿರುವ ನಾಲ್ಕು ಗಿಟಕು ಬೆಂಕಿಯಾಗುವ ಸಾಧ್ಯತೆ ಕಡಿಮೆ, ನಿಜ. ಆದರೆ ನಿಯಮ ನಾಲ್ಕು ಗಿಟಕನ್ನೂ ನಾಲ್ಕು ಕಿಲೋವನ್ನೂ ಬೇರೆ ಮಾಡುವುದಿಲ್ಲ. ಸ್ಕ್ಯಾನರಿನಲ್ಲಿ ಉಂಡೆಯ ಆಕಾರ ಸ್ಪಷ್ಟವಾಗಿ ಕಾಣುತ್ತದೆ, ಬ್ಯಾಗ್ ಪಕ್ಕಕ್ಕೆ ಹೋಗುತ್ತದೆ.

ಹಸಿ ತೆಂಗಿನಕಾಯಿಯ ಕಥೆ ಬೇರೆ. ಅದನ್ನು ಸೂಟ್‌ಕೇಸಿನಲ್ಲಿ ಕಳಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಕ್ಯಾಬಿನ್ನಿಗೆ ಮಾತ್ರ ಬಿಡುವುದಿಲ್ಲ. ಇದರಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕವರು ಶಬರಿಮಲೆಯ ಮಾಲಾಧಾರಿಗಳು. ಇರುಮುಡಿಯಲ್ಲಿ ತುಪ್ಪ ತುಂಬಿದ ಕಾಯಿ ಇರಲೇಬೇಕು, ಇರುಮುಡಿಯನ್ನು ಸೂಟ್‌ಕೇಸಿನೊಂದಿಗೆ ಬೆಲ್ಟಿನ ಮೇಲೆ ಎಸೆಯಲು ಯಾವ ಭಕ್ತನಿಗೂ ಮನಸ್ಸು ಬಾರದು. ಹಾಗಾಗಿ ಬಿಸಿಎಎಸ್ ಯಾತ್ರೆಯ ಕಾಲಕ್ಕೆಂದು ವಿನಾಯಿತಿ ಕೊಡುತ್ತ ಬಂದಿದೆ. 2022ರ ನವೆಂಬರಿನಲ್ಲಿ ಕೊಟ್ಟ ಅನುಮತಿ 2023ರ ಜನವರಿ 20ರವರೆಗೆ ಇತ್ತು. 2024ರ ಅಕ್ಟೋಬರಿನಲ್ಲಿ ಕೊಟ್ಟದ್ದು 2025ರ ಜನವರಿ 20ರವರೆಗೆ. ಮಂಡಲ ಪೂಜೆ, ಮಕರವಿಳಕ್ಕು ಮುಗಿಯುವವರೆಗೆ ಎಂದು ಅರ್ಥ. ಈ ಅವಧಿಯಲ್ಲಿ ಇರುಮುಡಿ ಎಕ್ಸ್-ರೇ ದಾಟಬೇಕು, ಸ್ಫೋಟಕದ ಕಣ ಪತ್ತೆಮಾಡುವ ಯಂತ್ರ ದಾಟಬೇಕು, ಕೈಯಿಂದಲೂ ಪರೀಕ್ಷೆಯಾಗಬೇಕು. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ಮಾದರಿ: ಶ್ರದ್ಧೆಯನ್ನೂ ಗೌರವಿಸಿದರು, ತಪಾಸಣೆಯನ್ನೂ ಕೈಬಿಡಲಿಲ್ಲ. ವಿನಾಯಿತಿ ವರ್ಷವಿಡೀ ಇರುವುದಿಲ್ಲವಾದ್ದರಿಂದ ತಿಂಗಳ ಪೂಜೆಗೆ ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು.

ಪೂಜೆಯ ಮಾತು ಬಂತಲ್ಲ, ಗೃಹಪ್ರವೇಶಕ್ಕೋ ಮಗುವಿನ ನಾಮಕರಣಕ್ಕೋ ಬೇರೆ ಊರಿಗೆ ಹಾರುವವರು ಪೂಜೆಯ ಚೀಲವನ್ನು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಕರ್ಪೂರ ಸುಲಭವಾಗಿ ಹೊತ್ತಿಕೊಳ್ಳುವ ಘನವಸ್ತುಗಳ ಪಟ್ಟಿಯಲ್ಲಿದೆ, ಎರಡೂ ಕಡೆ ಬೇಡ. ಬೆಂಕಿಪೊಟ್ಟಣ, ಲೈಟರ್ ನಮ್ಮ ದೇಶದಲ್ಲಿ ಎರಡೂ ಕಡೆ ನಿಷಿದ್ಧ. ವಿದೇಶಗಳಲ್ಲಿ ಒಂದು ಲೈಟರನ್ನು ಜೇಬಿನಲ್ಲಿಟ್ಟುಕೊಳ್ಳಲು ಬಿಡುವುದುಂಟು, ಅದನ್ನು ನಂಬಿ ಇಲ್ಲಿ ಬರಬಾರದು. ದೀಪದ ಎಣ್ಣೆ ಸೂಟ್‌ಕೇಸಿಗೆ, ಅದೂ ಸೋರದಂತೆ ಕಟ್ಟಿದ್ದರೆ ಮಾತ್ರ. ಕೆಲವು ಕಂಪನಿಗಳು ಎಣ್ಣೆಯನ್ನೇ ಒಪ್ಪುವುದಿಲ್ಲ. ಇವೆಲ್ಲ ಹೋದ ಊರಿನ ಅಂಗಡಿಯಲ್ಲೂ ಸಿಗುವ ವಸ್ತುಗಳು. ಹೊತ್ತುಕೊಂಡು ಹೋಗುವ ಪಾಡೇಕೆ?

ಇನ್ನು ಪವರ್ ಬ್ಯಾಂಕ್. ಈಚಿನ ವರ್ಷಗಳಲ್ಲಿ ವಿಮಾನದವರ ನಿದ್ದೆ ಕೆಡಿಸಿರುವ ವಸ್ತು ಇದ್ದರೆ ಇದೇ. ಲೀಥಿಯಂ ಬ್ಯಾಟರಿಯ ಒಳಗಿನ ತೆಳುಪದರ ಹರಿದರೆ, ಒತ್ತಡಕ್ಕೆ ಸಿಕ್ಕಿ ಜಜ್ಜಿದರೆ, ಅಥವಾ ತಯಾರಿಕೆಯಲ್ಲೇ ದೋಷವಿದ್ದರೆ ಒಳಗೊಳಗೇ ಶಾರ್ಟ್ ಆಗಿ ಬಿಸಿಯೇರುತ್ತದೆ. ಒಂದು ಹಂತ ದಾಟಿದ ಮೇಲೆ ಆ ಬಿಸಿಯೇ ಇನ್ನಷ್ಟು ರಾಸಾಯನಿಕ ಕ್ರಿಯೆಗೆ ದಾರಿಮಾಡಿ ಮತ್ತಷ್ಟು ಬಿಸಿ ಹುಟ್ಟಿಸುತ್ತದೆ, ಪಕ್ಕದ ಕೋಶವನ್ನೂ ಹೊತ್ತಿಸುತ್ತದೆ. ಸರಕಿನ ಕೋಣೆಯಲ್ಲಿ ಬೆಂಕಿ ನಂದಿಸಲು ಹ್ಯಾಲಾನ್ ಎಂಬ ಅನಿಲವಿರುತ್ತದೆ. ಅದು ಜ್ವಾಲೆಯನ್ನು ಅಡಗಿಸಬಲ್ಲದು, ಬ್ಯಾಟರಿಯ ಒಳಗಿನ ಈ ಸರಪಳಿಯನ್ನು ನಿಲ್ಲಿಸಲಾರದು. ಅದನ್ನು ನಿಲ್ಲಿಸಬೇಕಾದರೆ ನೀರು ಸುರಿದು ತಣ್ಣಗಾಗಿಸಬೇಕು. 35,000 ಅಡಿ ಎತ್ತರದಲ್ಲಿ ಸರಕಿನ ಕೋಣೆಗಿಳಿದು ಸೂಟ್‌ಕೇಸ್ ಬಿಚ್ಚಿ ನೀರು ಸುರಿಯುವವರು ಯಾರು? ಕ್ಯಾಬಿನ್ನಿನಲ್ಲಾದರೆ ಹೊಗೆ ಬಂದ ಕೂಡಲೇ ಗೊತ್ತಾಗುತ್ತದೆ, ಸಿಬ್ಬಂದಿಗೆ ಇದರ ತರಬೇತಿ ಇದೆ. ಬಿಡಿ ಬ್ಯಾಟರಿಗಳೂ ಪವರ್ ಬ್ಯಾಂಕುಗಳೂ ಕೈಬ್ಯಾಗಿನಲ್ಲೇ ಇರಬೇಕೆಂಬುದು ಈ ಕಾರಣಕ್ಕೆ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಏರ್ ಬುಸಾನ್ ಸಂಸ್ಥೆಯ ವಿಮಾನವೊಂದು ಹೊರಡುವ ಮೊದಲೇ ಸುಟ್ಟುಹೋಯಿತು. ಬೆಂಕಿ ಕಾಣಿಸಿದ್ದು ಸೀಟುಗಳ ಮೇಲಿನ ಸಾಮಾನಿನ ಅರೆಯಲ್ಲಿ. ಪವರ್ ಬ್ಯಾಂಕೇ ಕಾರಣವಿರಬೇಕೆಂದು ತನಿಖೆ ಹೇಳಿತು. ವಿಮಾನ ನೆಲದ ಮೇಲೇ ಇದ್ದುದರಿಂದ ಎಲ್ಲರೂ ಜೀವಸಹಿತ ಹೊರಬಂದರು. ಆ ಘಟನೆಯ ನಂತರ ಹಲವು ದೇಶಗಳ ವಿಮಾನಯಾನ ಸಂಸ್ಥೆಗಳು ಪವರ್ ಬ್ಯಾಂಕನ್ನು ಮೇಲಿನ ಅರೆಯಲ್ಲಿ ಇಡಕೂಡದು, ಹಾರಾಟದ ನಡುವೆ ಬಳಸಕೂಡದು ಎನ್ನತೊಡಗಿವೆ. ದುಬೈಗೆ ಹೋಗಿಬರುವ ನಮ್ಮವರಿಗೆ ಚಿರಪರಿಚಿತವಾದ ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆಯನ್ನೇ ನಿಲ್ಲಿಸಿದೆ. ಸಂಸ್ಥೆ ಯಾವುದೇ ಇರಲಿ, ಅದನ್ನು ಸೀಟಿನ ಜೇಬಿನಲ್ಲೋ ಕಾಲ ಬಳಿಯ ಬ್ಯಾಗಿನಲ್ಲೋ ಇಟ್ಟುಕೊಂಡು, ಬಳಸದೆ ಇರುವುದು ಎಲ್ಲರಿಗೂ ಒಳ್ಳೆಯದು.

ಎಷ್ಟು ದೊಡ್ಡ ಪವರ್ ಬ್ಯಾಂಕ್ ಒಯ್ಯಬಹುದು? ಮಿತಿ ಇರುವುದು ವ್ಯಾಟ್-ಅವರ್ ಲೆಕ್ಕದಲ್ಲಿ. 100ರವರೆಗೆ ಯಾರನ್ನೂ ಕೇಳಬೇಕಿಲ್ಲ, 100ರಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಹೆಚ್ಚೆಂದರೆ ಎರಡು. 160 ದಾಟಿದರೆ ಇಲ್ಲ. ಅಂಗಡಿಯವರು ಹೇಳುವುದು ಎಂಎಎಚ್ ಲೆಕ್ಕ. ಆ ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 10,000 ಎಂಎಎಚ್ ಅಂದರೆ 37, 20,000 ಅಂದರೆ 74, ಎರಡೂ ಸರಿ. 30,000 ಎಂಎಎಚ್‌ನದು 111 ಆಗುತ್ತದೆ, ಅದಕ್ಕೆ ಒಪ್ಪಿಗೆ ಬೇಕು. ಈ ಅಂಕಿ ಪವರ್ ಬ್ಯಾಂಕಿನ ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಅಗ್ಗದ ಮಾಲಿನಲ್ಲಿ ಅದು ಇರುವುದೇ ಇಲ್ಲ, ಇಲ್ಲವೇ ಉಜ್ಜಿ ಅಳಿಸಿಹೋಗಿರುತ್ತದೆ. ಓದಲಾಗದ್ದನ್ನು ತಪಾಸಣೆಯವರು ನಿರಾಕರಿಸಬಹುದು. ಉಬ್ಬಿದ ಬ್ಯಾಟರಿಯನ್ನಂತೂ ಯಾವ ಕಾರಣಕ್ಕೂ ಒಯ್ಯಬಾರದು. ಲ್ಯಾಪ್‌ಟಾಪ್, ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿ, ಡ್ರೋನ್ ಬ್ಯಾಟರಿ, ಬ್ಯಾಟರಿ ಇರುವ ಸ್ಮಾರ್ಟ್ ಸೂಟ್‌ಕೇಸ್, ಎಲ್ಲಕ್ಕೂ ಇದೇ ತರ್ಕ.

ಪವರ್ ಬ್ಯಾಂಕನ್ನು ಮರೆತು ಸೂಟ್‌ಕೇಸಿನಲ್ಲೇ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಕೌಂಟರಿನಲ್ಲಿ ಕೊಟ್ಟ ಸೂಟ್‌ಕೇಸ್ ಬೆಲ್ಟಿನ ಮೇಲೆ ಹೋಗಿ ದೊಡ್ಡ ಸ್ಕ್ಯಾನರುಗಳ ಮೂಲಕ ಹಾಯುತ್ತದೆ. ಯಂತ್ರಕ್ಕೆ ಅನುಮಾನ ಬಂದರೆ ಪರದೆಯ ಮುಂದೆ ಕೂತ ಸಿಬ್ಬಂದಿ ಚಿತ್ರ ನೋಡುತ್ತಾರೆ. ಅವರಿಗೂ ಸಮಾಧಾನವಾಗದಿದ್ದರೆ ಬ್ಯಾಗ್ ಬದಿಗೆ ಸರಿದು, ಪ್ರಯಾಣಿಕರ ಎದುರೇ ತೆರೆಯಬೇಕಾಗುತ್ತದೆ. ಅಷ್ಟರಲ್ಲಿ ನೀವು ಭದ್ರತಾ ತಪಾಸಣೆ ಮುಗಿಸಿ ಗೇಟಿನ ಬಳಿ ಕಾಫಿ ಕುಡಿಯುತ್ತಿರುತ್ತೀರಿ. ಹೆಸರು ಕೂಗುತ್ತಾರೆ, ಫೋನ್ ಮಾಡುತ್ತಾರೆ. ಸಿಗದಿದ್ದರೆ ನೀವು ಹೋಗುತ್ತೀರಿ, ಸೂಟ್‌ಕೇಸ್ ಉಳಿಯುತ್ತದೆ. ಆದ್ದರಿಂದ ಟಿಕೆಟ್ಟಿನಲ್ಲಿ ನಿಮ್ಮದೇ ಫೋನ್ ಸಂಖ್ಯೆ ಇರಲಿ, ಟಿಕೆಟ್ ಮಾಡಿಸಿಕೊಟ್ಟ ಏಜೆಂಟನದಲ್ಲ.

ಬ್ಯಾಗಿಗೂ ಅದರ ಒಡೆಯನಿಗೂ ಇರುವ ನಂಟಿನ ಹಿಂದೆ ದೊಡ್ಡ ದುರಂತವೊಂದಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡ್ ಕರಾವಳಿಯ ಬಳಿ ಆಕಾಶದಲ್ಲೇ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬ್ ಇದ್ದ ಸೂಟ್‌ಕೇಸನ್ನು ಕೆನಡಾದ ವ್ಯಾಂಕೂವರಿನಲ್ಲಿ ಹತ್ತಿಸಿದ್ದರು. ಅದನ್ನು ಕೊಟ್ಟ ಪ್ರಯಾಣಿಕ ವಿಮಾನ ಹತ್ತಲೇ ಇಲ್ಲ. ಇವತ್ತು ಸೂಟ್‌ಕೇಸ್ ಕೊಟ್ಟವನು ಗೇಟಿಗೆ ಬಾರದಿದ್ದರೆ ಆ ಸೂಟ್‌ಕೇಸನ್ನು ಹುಡುಕಿ ಕೆಳಗಿಳಿಸದೆ ವಿಮಾನ ಹೊರಡುವುದಿಲ್ಲ. ‘ಯಾರೋ ಒಬ್ಬರಿಗಾಗಿ’ ವಿಮಾನ ತಡವಾಯಿತೆಂದು ಗೊಣಗುವಾಗ ಆ 329 ಜನರನ್ನು ನೆನೆಯಬೇಕು. ಬಿಸಿಎಎಸ್ ಹುಟ್ಟಿದ್ದೂ ಇಂಥದೇ ಪೆಟ್ಟಿನಿಂದ: 1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣವಾದ ಮೇಲೆ ನೇಮಿಸಿದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ಡಿಜಿಸಿಎ ಒಳಗಿನ ಒಂದು ಘಟಕವಾಗಿ ಶುರುವಾಯಿತು, 1987ರ ಏಪ್ರಿಲ್ 1ರಂದು ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಮೇಲೆ, 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಆರಂಭಿಸಿ, ನಿಲ್ದಾಣಗಳ ಕಾವಲು ಸಿಐಎಸ್ಎಫ್ ಕೈಗೆ ಬಂತು.

ಬೇರೆಯವರ ಪೊಟ್ಟಣವನ್ನು ‘ಸ್ವಲ್ಪ ತಲುಪಿಸಿಬಿಡಿ’ ಎಂದರೆ ಒಪ್ಪಿಕೊಳ್ಳಬಾರದು ಎಂಬ ಮಾತು ಇಲ್ಲಿಗೆ ಸೇರುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಇಂಥ ಕೋರಿಕೆ ಬಾರದ ದಿನವಿಲ್ಲ. ಒಳಗೇನಿದೆ ಎಂದು ಬಿಚ್ಚಿ ನೋಡುವ ಸಲಿಗೆ ಇದ್ದರೆ ಮಾತ್ರ ಒಯ್ಯಿರಿ. ಬಿಚ್ಚಿ ನೋಡಿದಾಗ ಗಸಗಸೆ ಕಂಡರೆ ತೆಗೆದಿಡಿ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮಾದಕವಸ್ತು ಕಾನೂನಿನಡಿ ನಿಷಿದ್ಧ. ವೀಳ್ಯದೆಲೆಯನ್ನೂ ದುಬೈ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಇವು ವಿಮಾನದ ನಿಯಮಗಳಲ್ಲ, ಆ ದೇಶದ ಕಾನೂನು. ಆದರೆ ಸಿಕ್ಕಿಬಿದ್ದರೆ ಬೆಲೆ ತೆರಬೇಕಾದವರು ಬ್ಯಾಗ್ ಹಿಡಿದವರೇ.

ಭದ್ರತಾ ತಪಾಸಣೆಯಲ್ಲಿ ಕೈಬ್ಯಾಗ್ ಹಾಯುವ ಎಕ್ಸ್-ರೇ ಏನು ನೋಡುತ್ತದೆ ಎಂಬುದು ಸ್ವಾರಸ್ಯದ ವಿಷಯ. ಯಂತ್ರ ಎರಡು ಬೇರೆ ಬೇರೆ ಶಕ್ತಿಯ ಕಿರಣ ಹಾಯಿಸಿ, ಯಾವ ವಸ್ತು ಎಷ್ಟು ಕಿರಣ ನುಂಗಿತು ಎಂಬುದರ ಮೇಲೆ ಬಣ್ಣ ಹಚ್ಚುತ್ತದೆ. ಊಟ, ಬಟ್ಟೆ, ಕಾಗದ, ಪ್ಲಾಸ್ಟಿಕ್‌ನಂತಹ ಸಾವಯವ ವಸ್ತು ಕಿತ್ತಳೆ ಬಣ್ಣ, ಕಬ್ಬಿಣ, ಸ್ಟೀಲಿನಂತಹ ಲೋಹ ನೀಲಿ, ನಡುವಿನವು ಹಸಿರು. ಕಿರಣ ದಾಟಲಾಗದಷ್ಟು ಗಟ್ಟಿಯಾದದ್ದು ಕಪ್ಪು. ತೊಂದರೆ ಏನೆಂದರೆ ಹೆಚ್ಚಿನ ಸ್ಫೋಟಕಗಳೂ ಸಾವಯವವೇ, ಅವೂ ಕಿತ್ತಳೆಯೇ. ಒಂದು ಕಿಲೋ ಮೈಸೂರು ಪಾಕಿನ ಡಬ್ಬಿ ಪರದೆಯ ಮೇಲೆ ದಟ್ಟ ಕಿತ್ತಳೆಯ ಚೌಕ ಇಟ್ಟಿಗೆಯಂತೆ ಕಾಣುತ್ತದೆ, ಅದರ ಮೇಲೆ ಚಾರ್ಜರಿನ ವೈರು ಸುತ್ತಿಕೊಂಡು ಬಿದ್ದಿದ್ದರೆ ಪರದೆ ನೋಡುವವರು ಬ್ಯಾಗ್ ತೆಗೆಸಲೇಬೇಕು. ಸಿಹಿತಿಂಡಿ ಒಯ್ಯಲು ಅಡ್ಡಿಯಿಲ್ಲ. ಅದನ್ನು ಮೇಲುಗಡೆ ಬೇರೆಯಾಗಿ ಇಡಿ, ವೈರುಗಳನ್ನು ಇನ್ನೊಂದು ಚೀಲದಲ್ಲಿ ಹಾಕಿ, ಅರ್ಧ ಕೆಲಸ ಆಗುತ್ತದೆ. ಲ್ಯಾಪ್‌ಟಾಪನ್ನು ಹೊರಗೆ ತೆಗೆದು ಟ್ರೇಯಲ್ಲಿ ಇಡಿ ಎನ್ನುವುದೂ ಇದಕ್ಕೇ: ಅದರ ಬ್ಯಾಟರಿ ಮತ್ತು ಲೋಹದ ಹಾಳೆ ಕೆಳಗಿನದ್ದನ್ನೆಲ್ಲ ಮರೆಮಾಡುತ್ತದೆ. ದಪ್ಪ ಹಿತ್ತಾಳೆಯ ದೀಪ, ಪಂಚಲೋಹದ ವಿಗ್ರಹ, ಸ್ಟೀಲ್ ಡಬ್ಬಿಯೊಳಗಿನ ಡಬ್ಬಿ, ಇವೂ ತೆರೆಸುತ್ತವೆ. ಆಸ್ಪತ್ರೆಯ ಸಿಟಿ ಸ್ಕ್ಯಾನಿನಂತೆ ಸುತ್ತಲಿಂದಲೂ ಚಿತ್ರ ತೆಗೆಯುವ ಹೊಸ ಯಂತ್ರಗಳು ಬಂದ ಕಡೆ ಲ್ಯಾಪ್‌ಟಾಪ್ ಒಳಗೇ ಇರಬಹುದು. ಎಲ್ಲಿ ಯಾವ ಯಂತ್ರವಿದೆಯೋ ಅಲ್ಲಿಯ ಸಿಬ್ಬಂದಿ ಹೇಳಿದಂತೆ ಮಾಡಿದರೆ ಆಯಿತು.

ಕೆಲವೊಮ್ಮೆ ಒಂದು ಸಣ್ಣ ಪಟ್ಟಿಯಿಂದ ಬ್ಯಾಗನ್ನೋ ಅಂಗೈಯನ್ನೋ ಒರೆಸಿ ಯಂತ್ರದಲ್ಲಿಡುತ್ತಾರೆ. ಅದು ಸ್ಫೋಟಕದ ಕಣ ಹುಡುಕುವ ಕ್ರಮ. ಗ್ಲಿಸರಿನ್ ಇರುವ ಕೈಕ್ರೀಮು, ನೈಟ್ರೇಟ್ ಗೊಬ್ಬರ ಕೂಡ ಒಮ್ಮೊಮ್ಮೆ ಅದನ್ನು ಕೂಗಿಸಬಲ್ಲವು. ಬೆಳಿಗ್ಗೆ ಹೊಲಕ್ಕೆ ಗೊಬ್ಬರ ಎರಚಿ ಸಂಜೆ ವಿಮಾನ ಹತ್ತುವ ರೈತರು ಸೋಪು ಹಾಕಿ ಕೈ ತೊಳೆದು, ಬೇರೆ ಚಪ್ಪಲಿ ಮೆಟ್ಟಿ ಬಂದರೆ ಒಳ್ಳೆಯದು. ಯಂತ್ರ ಕೂಗಿತೆಂದು ಗಾಬರಿಯಾಗಬೇಕಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರೆ ಇನ್ನೊಮ್ಮೆ ಪರೀಕ್ಷಿಸಿ ಬಿಡುತ್ತಾರೆ.

ದ್ರವದ ನಿಯಮಕ್ಕೆ ಕಾರಣ 2006ರ ಆಗಸ್ಟ್. ಲಂಡನ್ನಿನಿಂದ ಅಮೆರಿಕ ಖಂಡದ ಕಡೆಗೆ ಹಾರುವ ವಿಮಾನಗಳನ್ನು ತಂಪು ಪಾನೀಯದ ಬಾಟಲಿಗಳಲ್ಲಿ ಅಡಗಿಸಿದ ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚನ್ನು ಬ್ರಿಟನ್ ಪೊಲೀಸರು ಬಯಲಿಗೆಳೆದರು. ಆ ವಾರ ಬ್ರಿಟನ್ನಿನಲ್ಲಿ ಕೈಬ್ಯಾಗನ್ನೇ ನಿಷೇಧಿಸಿದರು. ಹಸುಗೂಸಿನ ಹಾಲನ್ನು ತಾಯಂದಿರೇ ರುಚಿ ನೋಡಿ ತೋರಿಸಬೇಕಾಯಿತು. ಆಮೇಲೆ ನೆಲೆಯೂರಿದ ನಿಯಮ ಇಷ್ಟು: ಅಂತಾರಾಷ್ಟ್ರೀಯ ವಿಮಾನದ ಕೈಬ್ಯಾಗಿನಲ್ಲಿ ದ್ರವದ ಒಂದೊಂದು ಡಬ್ಬಿಯೂ 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದೊಳಗೆ ಹಿಡಿಯಬೇಕು. ಲೆಕ್ಕ ಡಬ್ಬಿಯ ಗಾತ್ರಕ್ಕೆ. 200 ಮಿ.ಲೀ. ಟ್ಯೂಬಿನ ತಳದಲ್ಲಿ ಸ್ವಲ್ಪವೇ ಕ್ರೀಮು ಉಳಿದಿದೆ ಎಂದರೂ ನಡೆಯದು.

ನಮ್ಮವರು ಎಡವುವುದು ದ್ರವ ಯಾವುದೆಂಬಲ್ಲಿ. ತುಪ್ಪ, ಜೇನು, ಮೊಸರು, ಮಲೆನಾಡಿನ ಜೋನಿಬೆಲ್ಲ, ಪುಳಿಯೋಗರೆ ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ, ಎಲ್ಲವೂ ಈ ಲೆಕ್ಕದಲ್ಲಿ ದ್ರವವೇ. ಸುರಿದರೆ ಹರಿಯುವುದು, ಒತ್ತಿದರೆ ಹರಡುವುದು ಎಲ್ಲ ಸೂಟ್‌ಕೇಸಿಗೆ, ಎರಡು ಪದರ ಪ್ಲಾಸ್ಟಿಕ್ ಸುತ್ತಿ. ದೇಶದೊಳಗಿನ ಹಾರಾಟದಲ್ಲಿ ಕುಡಿಯುವ ನೀರಿನ ಬಾಟಲಿಗೆ ಸಾಮಾನ್ಯವಾಗಿ ತಡೆಯಿಲ್ಲ. ಅದೇ ಅಭ್ಯಾಸದಲ್ಲಿ ವಿದೇಶಕ್ಕೆ ಹೊರಟಾಗ ಬಾಟಲಿ ಕಸದ ಬುಟ್ಟಿಗೆ ಹೋಗುತ್ತದೆ. ಮೆಣಸಿನ ಪುಡಿ ದ್ರವವಲ್ಲದಿದ್ದರೂ ಕ್ಯಾಬಿನ್ನಿಗೆ ಬೇಡ, ಕಣ್ಣಿಗೆ ಎರಚಬಹುದೆಂಬ ಕಾರಣಕ್ಕೆ. ಮೆಣಸಿನಕಾಯಿ ಉಪ್ಪಿನಕಾಯಿಗೂ ಇದೇ ಗತಿ. ಅಮೆರಿಕಕ್ಕೆ ಹೊರಟವರಿಗೆ ಇನ್ನೊಂದು ಮಾತಿದೆ: 2018ರ ಜೂನ್ 30ರಿಂದ ಅಲ್ಲಿಗೆ ಹೋಗುವ ವಿಮಾನಗಳಲ್ಲಿ ಸುಮಾರು 350 ಮಿ.ಲೀ. ಅಳತೆಗಿಂತ ಹೆಚ್ಚಿನ ಪುಡಿ ಕೈಬ್ಯಾಗಿನಲ್ಲಿದ್ದರೆ ಹೆಚ್ಚುವರಿ ಪರೀಕ್ಷೆಗೆ ಒಳಗಾಗುತ್ತದೆ, ಏನೆಂದು ಖಚಿತವಾಗದಿದ್ದರೆ ಬಿಡುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಮಗುವಿನ ರಾಗಿಹಿಟ್ಟಿನ ದೊಡ್ಡ ಪೊಟ್ಟಣಗಳು ಸೂಟ್‌ಕೇಸಿನಲ್ಲೇ ಇರಲಿ. ಪ್ರಯಾಣದ ಹೊತ್ತಿಗೆ ಬೇಕಾಗುವ ಮಗುವಿನ ಹಾಲು, ಆಹಾರಕ್ಕೆ ಮಾತ್ರ ಎಲ್ಲೆಡೆ ವಿನಾಯಿತಿ ಉಂಟು.

ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಸುಗಂಧದ್ರವ್ಯ, ಮದ್ಯವನ್ನು ಮುದ್ರೆಯೊತ್ತಿದ ಚೀಲದಲ್ಲಿ ಕೊಡುತ್ತಾರೆ. ಕೊನೆಯ ನಿಲ್ದಾಣದವರೆಗೆ ಅದನ್ನು ಒಡೆಯಬಾರದು. ಒಡೆದರೆ ನಡುವಿನ ನಿಲ್ದಾಣದ ತಪಾಸಣೆಯಲ್ಲಿ ಅದು ಬರೀ 100 ಮಿ.ಲೀ. ಮೀರಿದ ದ್ರವ. ಬ್ರಿಟನ್ನಿನ ಎಡಿನ್‌ಬರ್ಗ್‌ನಂತಹ ಕೆಲವು ನಿಲ್ದಾಣಗಳು ಹೊಸ ಸ್ಕ್ಯಾನರುಗಳನ್ನು ನೆಚ್ಚಿ 100 ಮಿ.ಲೀ. ಮಿತಿಯನ್ನು ಸಡಿಲಿಸಿವೆ. ಆದರೆ ಹೋಗುವಾಗಿನ ಸಡಿಲಿಕೆ ಬರುವಾಗ ಇರಬೇಕೆಂದಿಲ್ಲ, ನಡುವೆ ಇಳಿಯುವ ಊರಿನಲ್ಲಿ ಇರಬೇಕೆಂದೂ ಇಲ್ಲ.

ಹರಿತವಾದ ವಸ್ತುಗಳ ವಿಷಯ ಹೆಚ್ಚು ಹೇಳಬೇಕಿಲ್ಲ: ಚಾಕು, ಈಳಿಗೆ, ಸ್ಕ್ರೂಡ್ರೈವರ್, ಉಪಕರಣದ ಪೆಟ್ಟಿಗೆ ಎಲ್ಲವೂ ಸೂಟ್‌ಕೇಸಿಗೆ. 2001ರ ಸೆಪ್ಟೆಂಬರ್ 11ಕ್ಕೆ ಮೊದಲು ಅಮೆರಿಕದಲ್ಲಿ ಸಣ್ಣ ಅಲಗಿನ ಚಾಕುಗಳನ್ನು ಕ್ಯಾಬಿನ್ನಿಗೆ ಬಿಡುತ್ತಿದ್ದರು. ಆ ದಿನ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಭಾರತದ ದೇಶೀಯ ಹಾರಾಟಗಳಲ್ಲಿ ಸಿಖ್ಖರು ಕಿರ್ಪಾಣ್ ಧರಿಸಬಹುದು, ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದಂತೆ. ಕೊಡವರಿಗೆ ಬಂದೂಕು, ಕತ್ತಿಯ ಪರವಾನಗಿಯ ವಿಷಯದಲ್ಲಿ ಕಾನೂನಿನ ವಿನಾಯಿತಿ ಇದೆ, ಆದರೆ ಅದು ವಿಮಾನದೊಳಕ್ಕೆ ಬರುವುದಿಲ್ಲ. ದೆಹಲಿಯಲ್ಲೋ ಮುಂಬೈಯಲ್ಲೋ ಮದುವೆಗೆ ಹೊರಟವರ ಪೀಚೆಕತ್ತಿ ಸೂಟ್‌ಕೇಸಿನಲ್ಲೇ ಹೋಗಬೇಕು.

ತೋಟದ ಕಾವಲಿಗೆ ಬಂದೂಕು ಇಟ್ಟುಕೊಂಡಿರುವ ಮಲೆನಾಡಿನ, ಕೊಡಗಿನ ಮನೆಯವರು ಒಂದು ಕೆಲಸ ತಪ್ಪದೆ ಮಾಡಬೇಕು. ಬ್ಯಾಗ್ ತುಂಬುವ ಮೊದಲು ಅದರ ಒಳಜೇಬುಗಳನ್ನೆಲ್ಲ ತಲೆಕೆಳಗು ಮಾಡಿ ಕೊಡವಬೇಕು. ಎಂದೋ ಉಳಿದ ಒಂದೇ ಒಂದು ತೋಟೆ ಎಕ್ಸ್-ರೇಯಲ್ಲಿ ಕಂಡರೂ ಪ್ರಯಾಣ ಅಲ್ಲಿಗೆ ನಿಲ್ಲುತ್ತದೆ, ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸ್ ಪ್ರಕರಣವಾಗುತ್ತದೆ. ಗೊತ್ತಿಲ್ಲದೆ ಉಳಿದದ್ದು ಎಂದು ಮನವರಿಕೆಯಾದಾಗ ಹೈಕೋರ್ಟುಗಳು ಇಂಥ ಪ್ರಕರಣಗಳನ್ನು ರದ್ದುಮಾಡಿರುವುದುಂಟು, ಆದರೆ ಅಲ್ಲಿಯವರೆಗೆ ಅಲೆಯಬೇಕಾದ ಅಲೆದಾಟ ಬೇಡ. ಕಾನೂನಿಗೆ ಸಿಕ್ಕಿಸುವ ವಸ್ತುಗಳು ಬೇರೆಯೂ ಇವೆ. ವಿದೇಶದಿಂದ ಊರಿಗೆ ಬರುವ ಚಾರಣಪ್ರಿಯರು ಉಪಗ್ರಹ ಫೋನನ್ನು ಅಲ್ಲೇ ಬಿಟ್ಟುಬರಲಿ; ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಇ-ಸಿಗರೇಟು ಕೂಡ 2019ರ ಕಾಯ್ದೆಯಿಂದ ಇಲ್ಲಿ ನಿಷಿದ್ಧ.

ಔಷಧದ ವಿಷಯದಲ್ಲಿ ಮಾತ್ರ ಹಿಂದೆಮುಂದೆ ನೋಡಬೇಡಿ, ಎಲ್ಲವನ್ನೂ ಕೈಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಇನ್ಸುಲಿನ್ ಸರಕಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಸೂಟ್‌ಕೇಸ್ ಕಳೆದುಹೋದರೆ ಮಾತ್ರೆಯೂ ಕಳೆಯಿತು. ಸಿರಪ್ಪು, ಇನ್ಸುಲಿನ್, ಸೂಜಿಗೆ ವೈದ್ಯರ ಚೀಟಿ ಜೊತೆಯಲ್ಲಿರಲಿ, 100 ಮಿ.ಲೀ. ಮಿತಿ ಅವಕ್ಕೆ ಅಡ್ಡಬರುವುದಿಲ್ಲ. ಪೇಸ್‌ಮೇಕರ್ ಇರುವವರು ಲೋಹಶೋಧಕದ ಬಾಗಿಲು ದಾಟುವ ಮೊದಲೇ ಸಿಬ್ಬಂದಿಗೆ ಹೇಳಿ, ಕೈಯಿಂದ ತಪಾಸಣೆ ಮಾಡುತ್ತಾರೆ. ಮಹಿಳೆಯರ ತಪಾಸಣೆ ಪರದೆಯ ಹಿಂದೆ, ಮಹಿಳಾ ಸಿಬ್ಬಂದಿಯಿಂದಲೇ ಆಗಬೇಕು. ಅದು ನಿಮ್ಮ ಹಕ್ಕು.

ಬ್ಯಾಗನ್ನು ಒಂಟಿಯಾಗಿ ಬಿಟ್ಟು ಶೌಚಾಲಯಕ್ಕೋ ಕಾಫಿಗೋ ಹೋಗಬಾರದೆಂಬ ಧ್ವನಿವರ್ಧಕದ ಮಾತನ್ನು ಮಂಗಳೂರಿನವರು ಹಗುರವಾಗಿ ತೆಗೆದುಕೊಳ್ಳಲಾರರು. 2020ರ ಜನವರಿ 20ರಂದು ಅಲ್ಲಿಯ ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಒಂದು ಬ್ಯಾಗನ್ನು ಸಿಐಎಸ್ಎಫ್ ಸಿಬ್ಬಂದಿ ಗಮನಿಸಿದರು. ಒಳಗಿದ್ದದ್ದು ಸ್ಫೋಟಕ. ಅದನ್ನು ಕೆಂಜಾರಿನ ಬಯಲಿಗೆ ಸಾಗಿಸಿ ಅಲ್ಲಿ ಸ್ಫೋಟಿಸಿದರು, ಯಾರಿಗೂ ಗಾಯವಾಗಲಿಲ್ಲ.

ಕೈಬ್ಯಾಗ್ ಒಂದೇ ಇರಬೇಕು, ದೇಶೀಯ ಹಾರಾಟದಲ್ಲಿ ಸಾಮಾನ್ಯವಾಗಿ 7 ಕಿಲೋ. ಮಹಿಳೆಯರ ಪರ್ಸ್ ಅಥವಾ ಲ್ಯಾಪ್‌ಟಾಪ್ ಚೀಲದ ಲೆಕ್ಕ ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ಬೇರೆ. ಬೀಳ್ಕೊಡಲು ಬಂದವರು ನೀವು ತಪಾಸಣೆ ದಾಟಿದೆವೆಂದು ಫೋನ್ ಮಾಡುವವರೆಗೆ ಹೊರಗೇ ಇರಲಿ. ಬೇಡವೆಂದ ವಸ್ತುವನ್ನು ಅವರ ಕೈಗಾದರೂ ಕೊಡಬಹುದು. ಒಮ್ಮೆ ತಪಾಸಣೆಯ ಬುಟ್ಟಿಗೆ ಬಿದ್ದದ್ದು ಮರಳಿ ಸಿಗುವುದಿಲ್ಲ.

ಊರಿನಲ್ಲಿರುವ ಅಪ್ಪ, ಅಮ್ಮ, ಅಜ್ಜಿಯನ್ನು ಮೊದಲ ಸಲ ವಿಮಾನ ಹತ್ತಿಸುತ್ತಿರುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ಅವರು ಮೊಮ್ಮಕ್ಕಳಿಗೆಂದು ವಾರಗಟ್ಟಲೆ ಒಣಗಿಸಿ, ಕುಟ್ಟಿ, ಕಟ್ಟಿದ್ದನ್ನು ಅಪರಿಚಿತರ ಎದುರು ಒಂದೊಂದಾಗಿ ತೆಗೆದಿಡಬೇಕಾದಾಗ ಪಡುವ ಸಂಕಟ ದೊಡ್ಡದು, ಅದನ್ನು ಅವರು ಫೋನಿನಲ್ಲಿ ಹೇಳುವುದೂ ಇಲ್ಲ. ಟಿಕೆಟ್ ಕಳಿಸಿದ ದಿನವೇ ಫೋನ್ ಮಾಡಿ, ಏನೇನು ಕಟ್ಟುತ್ತಿದ್ದೀರಿ ಎಂದು ಕೇಳಿ, ಕೊಬ್ಬರಿ ಕರ್ಪೂರ ತೆಗೆಸಿ, ಉಪ್ಪಿನಕಾಯಿ ತುಪ್ಪ ಸೂಟ್‌ಕೇಸಿಗೆ ಹಾಕಿಸಿ, ಮಾತ್ರೆ ಮತ್ತು ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಇಡಿಸಿ. ಅನುಮಾನವಿದ್ದರೆ ವಿಮಾನಯಾನ ಸಂಸ್ಥೆಯ ಸಹಾಯವಾಣಿಗೆ ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ.